ಸಾಂಬ್ರಾದಿಂದ ಬೆಂಗಳೂರಿಗೆ: ಚಿಕ್ಕ ವಿಮಾನದ ದೀರ್ಘಕಾಲದ ಬಳಕೆ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಪಂಪುಗಳಿಗೆ ಬೇಕಾಗುವ ಎರಕದ ಭಾಗಗಳನ್ನು ಪೀಣ್ಯದ ಕಾರ್ಖಾನೆಗಳಿಗೆ ಕೊಡುತ್ತೇವೆ. ಈ ವ್ಯವಹಾರಕ್ಕಾಗಿ 2019ರಿಂದ, ಕೋವಿಡ್ ತಿಂಗಳುಗಳನ್ನು ಬಿಟ್ಟರೆ, ತಿಂಗಳಿಗೊಮ್ಮೆಯಾದರೂ ಪ್ರಾದೇಶಿಕ ವಿಮಾನ ಸಂಸ್ಥೆಯೊಂದರ ಎಟಿಆರ್ 72 ವಿಮಾನದಲ್ಲಿ ಬೆಂಗಳೂರಿಗೆ ಹೋಗಿಬರುತ್ತಿದ್ದೇನೆ.

ಮೊದಲು ನಾನು ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಹೋಗುತ್ತಿದ್ದೆ. ಒಂದು ದಿನದ ಕೆಲಸಕ್ಕೆ ಎರಡು ರಾತ್ರಿ ರೈಲಿನಲ್ಲೇ ಕಳೆಯುತ್ತಿದ್ದವು. ವಿಮಾನ ಆಕಾಶದಲ್ಲಿರುವುದು ಒಂದು ಗಂಟೆಗಿಂತ ತುಸು ಹೆಚ್ಚು ಕಾಲ ಮಾತ್ರ. ಆದರೆ ಬೆಳಗಾವಿಯ ವಿಮಾನ ನಿಲ್ದಾಣವಿರುವ ಸಾಂಬ್ರಾದ ದಾರಿ, ತಪಾಸಣೆ, ದೇವನಹಳ್ಳಿಯಿಂದ ಪೀಣ್ಯದವರೆಗಿನ ವಾಹನದಟ್ಟಣೆ ಎಲ್ಲವನ್ನೂ ಕೂಡಿಸಿದರೆ ಮನೆಯಿಂದ ಕಾರ್ಖಾನೆಯ ಬಾಗಿಲಿಗೆ ಐದು ಗಂಟೆ ಬೇಕು. 2025ರ ಆಗಸ್ಟ್‌ನಲ್ಲಿ ಆರಂಭವಾದ ವಂದೇ ಭಾರತ್ ರೈಲು ಸುಮಾರು ಎಂಟೂವರೆ ಗಂಟೆಯಲ್ಲಿ ಬೆಂಗಳೂರು ಮುಟ್ಟಿಸುವುದರಿಂದ, ವಿಮಾನದ ಉಳಿತಾಯ ಮೊದಲಿನಷ್ಟು ದೊಡ್ಡದಾಗಿ ಉಳಿದಿಲ್ಲ.

ವಿಮಾನದ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದೇ. ಸಾಲಿನ ಎರಡೂ ಬದಿಗೆ ಎರಡೆರಡು ಆಸನಗಳಿರುವುದರಿಂದ ಇಬ್ಬರ ನಡುವೆ ಸಿಕ್ಕಿ ಕೂರುವ ಕಷ್ಟವಿಲ್ಲ. ರೆಕ್ಕೆಗಳು ಮೇಲ್ಗಡೆ ಇರುವುದರಿಂದ ಕಿಟಕಿಯಿಂದ ನೆಲ ಚೆನ್ನಾಗಿ ಕಾಣುತ್ತದೆ. ಬೆಳಗಾವಿ ಬಿಟ್ಟ ಕೂಡಲೇ ಹಸಿರು ಗುಡ್ಡಗಳ ಸಾಲು ಹಿಂದೆ ಸರಿದು ಬಯಲುಸೀಮೆಯ ಹೊಲಗಳು ಬರುವುದನ್ನು ಇಷ್ಟು ವರ್ಷಗಳ ನಂತರವೂ ನಾನು ನೋಡುತ್ತಾ ಕೂರುತ್ತೇನೆ. ಪ್ರೊಪೆಲ್ಲರ್‌ಗಳ ಸದ್ದು ಮುಂದಿನ ಸಾಲುಗಳಲ್ಲಿ ಹೆಚ್ಚು, ಹಿಂದಿನ ಸಾಲುಗಳಲ್ಲಿ ಕಡಿಮೆ. ಹತ್ತಿ ಇಳಿಯುವ ಬಾಗಿಲೂ ಹಿಂದೆಯೇ ಇರುವುದರಿಂದ ವಯಸ್ಸಾದವರಿಗೆ ಹಿಂದಿನ ಆಸನವನ್ನೇ ಕಾಯ್ದಿರಿಸುವುದು ಉತ್ತಮ. ತಲೆಯ ಮೇಲಿನ ಪೆಟ್ಟಿಗೆಗಳು ಮಾತ್ರ ಚಿಕ್ಕವು, ದೊಡ್ಡ ವಿಮಾನದಲ್ಲಿ ಹಿಡಿಯುವ ಗಾಲಿಚೀಲ ಇಲ್ಲಿ ಹಿಡಿಯುವುದಿಲ್ಲ. ಕಬ್ಬಿಣದ ಮಾದರಿಗಳನ್ನು ಕೈಚೀಲದಲ್ಲಿಟ್ಟು ತಪಾಸಣೆಯಲ್ಲಿ ಎರಡು ಬಾರಿ ತಡವಾದ ಮೇಲೆ, ಅವನ್ನು 15 ಕಿಲೋ ಮಿತಿಯ ಸಾಮಾನಿನಲ್ಲೇ ಕಳುಹಿಸುತ್ತೇನೆ. ಕೈಚೀಲದಲ್ಲಿ ಕಾಗದಪತ್ರ ಮತ್ತು ಅಲ್ಲಿನವರಿಗೆಂದು ಒಯ್ಯುವ ಕುಂದಾ ಇಷ್ಟೇ ಇರುತ್ತದೆ.

ನಿಲ್ದಾಣದ ಸಿಬ್ಬಂದಿ ಕನ್ನಡ, ಮರಾಠಿ ಎರಡರಲ್ಲೂ ಸಮಾಧಾನದಿಂದ ಮಾತನಾಡುತ್ತಾರೆ. ಒಮ್ಮೆ ಮಳೆಗಾಲದಲ್ಲಿ ಸಾಂಬ್ರಾದ ಮೇಲೆ ಮೋಡ ಇಳಿದು, ನಮ್ಮ ವಿಮಾನವನ್ನು ಹುಬ್ಬಳ್ಳಿಯಲ್ಲಿ ಇಳಿಸಿದರು. ವಿಮಾನದೊಳಗಿನ ಘೋಷಣೆ ಹಿಂದಿ, ಇಂಗ್ಲಿಷ್‌ಗಳಲ್ಲಿ ಮಾತ್ರ ಇದ್ದುದರಿಂದ ನನ್ನ ಪಕ್ಕದ ಅಜ್ಜಿ ಗಾಬರಿಯಾಗಿ, ‘ಯಾಕ್ರೀ ತಮ್ಮಾ, ಇದು ನಮ್ಮೂರಲ್ಲಲ್ಲಾ?’ ಎಂದು ಕೇಳಿದರು. ಹುಬ್ಬಳ್ಳಿಯಿಂದ ಬಸ್ಸಿನ ವ್ಯವಸ್ಥೆಯನ್ನು ಸಂಸ್ಥೆ ಚೆನ್ನಾಗಿಯೇ ಮಾಡಿತು. ಕರ್ನಾಟಕದ ಎರಡು ಊರುಗಳ ನಡುವೆ ಹಾರುವ ವಿಮಾನದಲ್ಲಿ ಇಂಥ ಸೂಚನೆಯನ್ನು ಕನ್ನಡದಲ್ಲಿ ಹೇಳಲೇಬೇಕು ಎಂದು ಅಂದೇ ಅವರಿಗೆ ಬರೆದೆ, ಆಮೇಲೂ ಬರೆದಿದ್ದೇನೆ.

ಮಳೆಯ ತೊಂದರೆಯನ್ನು ನಾನು ದೂರುವುದಿಲ್ಲ. ನಿಜವಾದ ತೊಂದರೆ ರದ್ದತಿಯದು. ಹಿಂದಿನ ರಾತ್ರಿ ಒಂಬತ್ತಕ್ಕೆ ‘ಕಾರ್ಯಾಚರಣೆಯ ಕಾರಣದಿಂದ’ ಎಂಬ ಸಂದೇಶ ಬಂದರೆ, ದಿನಕ್ಕೊಂದೇ ವಿಮಾನವಿರುವ ಮಾರ್ಗದಲ್ಲಿ ಪ್ರಯಾಣಿಕನಿಗೆ ಬೇರೆ ದಾರಿಯೇ ಇರುವುದಿಲ್ಲ. ನನಗೆ ಹೀಗಾದದ್ದು ಮೂರು ಬಾರಿ. ಎರಡು ಬಾರಿ ಸ್ಲೀಪರ್ ಬಸ್ ಹಿಡಿದೆ. ಒಮ್ಮೆ ಬಸ್ಸಿನಲ್ಲೂ ಸೀಟು ಸಿಗದೆ, ಪೀಣ್ಯದಲ್ಲಿ ನಮ್ಮ ಭಾಗಗಳ ತಪಾಸಣೆಯ ದಿನ ತಪ್ಪಿ, ಆ ಖೇಪಿನ ಹಣ ಒಂದು ತಿಂಗಳು ತಡವಾಯಿತು. ವಿಮಾನಯಾನದ ಸರ್ಕಾರಿ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ, ಒಂದರಿಂದ ಎರಡು ಗಂಟೆಯ ಹಾರಾಟವನ್ನು ಸಕಾಲಕ್ಕೆ ತಿಳಿಸದೆ ರದ್ದುಪಡಿಸಿದರೆ ₹7,500, ಅಥವಾ ಮೂಲದರ ಮತ್ತು ಇಂಧನ ಶುಲ್ಕದ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನು ಟಿಕೆಟ್ ಹಣದ ಹೊರತಾಗಿ ಪರಿಹಾರವೆಂದು ಕೊಡಬೇಕು. ಹವಾಮಾನದಂಥ ಸಂಸ್ಥೆಯ ಕೈಮೀರಿದ ಕಾರಣಗಳಿಗೆ ಇದು ಅನ್ವಯಿಸುವುದಿಲ್ಲ. ಮೊದಲ ಬಾರಿ ನನಗೆ ಇದು ಸಿಗಲಿಲ್ಲ. ಟಿಕೆಟ್ ಮಾಡಿಸಿದ ಏಜೆಂಟರು ತಮ್ಮದೇ ಮೊಬೈಲ್ ಸಂಖ್ಯೆ ಕೊಟ್ಟಿದ್ದರು, ಮತ್ತು ಸರಿಯಾದ ಸಂಪರ್ಕ ವಿವರ ನೀಡದ ಪ್ರಯಾಣಿಕರಿಗೆ ಪರಿಹಾರ ಕೊಡಬೇಕಾಗಿಲ್ಲ ಎಂದು ಅದೇ ನಿಯಮದಲ್ಲಿದೆ. ಮೂರನೆಯ ಬಾರಿ ಏರ್‌ಸೇವಾ ಎಂಬ ಸರ್ಕಾರಿ ಜಾಲತಾಣದಲ್ಲಿ ದೂರು ದಾಖಲಿಸಿದ ನಂತರ ಹಣ ಬಂತು. ಏಜೆಂಟರ ಮೂಲಕ ಟಿಕೆಟ್ ಪಡೆಯುವವರು ತಮ್ಮ ಸಂಖ್ಯೆಯನ್ನೇ ಬರೆಸಿಕೊಳ್ಳಬೇಕು.

ದರದ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಮೂರು ವಾರ ಮೊದಲು ಕಾಯ್ದಿರಿಸಿದರೆ ಕೈಗೆಟುಕುತ್ತದೆ, ಹಬ್ಬದ ಮುನ್ನಾದಿನಗಳಲ್ಲಿ ಎಟುಕುವುದಿಲ್ಲ. ನನಗೆ ಹೆಚ್ಚಿನ ಚಿಂತೆ ಮಾರ್ಗಗಳ ಬಾಳಿಕೆಯದು. ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಮೂರನೆಯ ಹಂತದಲ್ಲಿ ಬೆಳಗಾವಿಗೆ ಹಲವು ಹೊಸ ಮಾರ್ಗಗಳು ಸಿಕ್ಕವು. ಆ ಯೋಜನೆಯಲ್ಲಿ ನಷ್ಟ ತುಂಬುವ ಸಹಾಯಧನ ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಅವಧಿ ಮುಗಿದ ಮೇಲೆ ಕೆಲವು ಮಾರ್ಗಗಳು ನಿಂತೇಹೋದವು. ಬೆಂಗಳೂರಿನ ಮಾರ್ಗಕ್ಕೆ ಪ್ರಯಾಣಿಕರ ಕೊರತೆ ಇಲ್ಲ, ನಾನು ಹೋದಾಗಲೆಲ್ಲ ವಿಮಾನ ಬಹುಪಾಲು ತುಂಬಿರುತ್ತದೆ. ಆದ್ದರಿಂದ ಬೆಳಿಗ್ಗೆ ಒಂದು, ಸಂಜೆ ಒಂದು ವಿಮಾನ ಕೊಟ್ಟರೆ ರದ್ದತಿಯ ಪೆಟ್ಟು ಅರ್ಧವಾದರೂ ತಗ್ಗುತ್ತದೆ ಎಂದು ಸಂಸ್ಥೆಗೆ ನನ್ನ ಒತ್ತಾಯ.

ಸದ್ಯಕ್ಕೆ ನಾನು ಹೋಗುವುದಕ್ಕೆ ವಿಮಾನವನ್ನೇ ಹಿಡಿಯುತ್ತೇನೆ. ಆದರೆ ಪೀಣ್ಯದಲ್ಲಿ ತಪಾಸಣೆ ಇರುವ ದಿನಗಳಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಿಂದಿನ ರಾತ್ರಿಯ ರೈಲಿನಲ್ಲೂ ಒಂದು ಟಿಕೆಟ್ ಮಾಡಿಸಿಟ್ಟು, ಸಂಜೆಯವರೆಗೆ ಸಂದೇಶ ಬರದಿದ್ದರೆ ಮಾತ್ರ ಅದನ್ನು ರದ್ದುಪಡಿಸುತ್ತೇನೆ.