ತಪ್ಪು ಎಲೆಯದ್ದಾ, ನೀರಿನದ್ದಾ? ಆರು ಬಗೆಯ ಗ್ರೀನ್ ಟೀ ಕುಡಿದು ನೋಡಿದ ಮೇಲೆ

ಗ್ರೀನ್ ಟೀ ಅಂದರೆ ಒಗರು ನೀರು ಅಂತಲೇ ನಾನು ತುಂಬಾ ದಿನ ನಂಬಿದ್ದೆ. ಒಂದು ಡಬ್ಬಿ ಟೀ ಬ್ಯಾಗ್ ತರುವುದು, ನಾಲ್ಕು ದಿನ ಮುಖ ಕಿವುಚಿಕೊಂಡು ಕುಡಿಯುವುದು, ಐದನೇ ದಿನ ಅದನ್ನು ಕಪಾಟಿನ ಮೂಲೆಗೆ ತಳ್ಳುವುದು. ಹೀಗೆ ಮೂರು ಡಬ್ಬಿ ಮೂಲೆ ಸೇರಿದವು. ಆಮೇಲೆ ಹಟ ಬಂತು. ಟೀ ಬ್ಯಾಗ್ ಜೊತೆಗೆ ಚೀನಾದ ಲಾಂಗ್‌ಜಿಂಗ್ ಮತ್ತು ಗನ್‌ಪೌಡರ್, ಜಪಾನಿನ ಸೆಂಚಾ, ಗೆನ್ಮೈಚಾ, ಮಾಚಾ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ತರಿಸಿ ಪಕ್ಕಪಕ್ಕ ಇಟ್ಟು ಕುಡಿದು ನೋಡಿದೆ.

ಮಾಚಾ ಒಂದನ್ನು ಬಿಟ್ಟು ಅಳತೆ ಎಲ್ಲಕ್ಕೂ ಒಂದೇ. 200 ಮಿ.ಲೀ. ಫಿಲ್ಟರ್ ನೀರು, 3 ಗ್ರಾಂ ಎಲೆ. ಚಮಚದಲ್ಲಿ ಅಳೆಯಬೇಡಿ, ಮೋಸ ಹೋಗುತ್ತೀರಿ. ಗನ್‌ಪೌಡರ್ ಉಂಡೆಗಳು ಚಮಚದ ತಳದಲ್ಲೇ ಭಾರ ತೂಗುತ್ತವೆ, ಲಾಂಗ್‌ಜಿಂಗ್ ಎಲೆ ಚಮಚ ತುಂಬಿ ಉಕ್ಕಿದರೂ ಹಗುರ. ಅಡುಗೆಮನೆಯ ಪುಟ್ಟ ತಕ್ಕಡಿ ಇದ್ದರೆ ಸಾಕು.

ಮೊದಲ ಸುತ್ತಿನಲ್ಲಿ ಬೇಕಂತಲೇ ನನ್ನ ಹಳೇ ಅಭ್ಯಾಸದಂತೆ ಕೊತಕೊತ ಕುದಿಯುವ ನೀರು ಸುರಿದು ಮೂರು ನಿಮಿಷ ಬಿಟ್ಟೆ. ಮಾಚಾ ನೆನೆಸುವ ಟೀ ಅಲ್ಲ, ಹಾಗಾಗಿ ಅದನ್ನು ಪಕ್ಕಕ್ಕಿಟ್ಟೆ. ಉಳಿದ ಐದರಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ಬಂದಿದ್ದು ಯಾವುದು ಗೊತ್ತಾ? ಎಲ್ಲರೂ ಹೊಗಳುವ ಸೆಂಚಾ. ನಾಲಿಗೆ ದೊರಗಾಗಿ ಹೋಯಿತು. ಇನ್ನೊಂದು ದಿನ ಅದೇ ಎಲೆಗೆ 75 ಡಿಗ್ರಿ ನೀರು ಹಾಕಿ ಒಂದೇ ನಿಮಿಷಕ್ಕೆ ಸೋಸಿದೆ. ಅವತ್ತು ಅದೇ ಸೆಂಚಾ ಮೊದಲ ಸ್ಥಾನಕ್ಕೆ ಬಂತು! ಇಷ್ಟು ದಿನ ಎಲೆಯನ್ನು ಬೈದಿದ್ದೆ, ತಪ್ಪು ಕೆಟಲ್ ಹಿಡಿದ ನನ್ನ ಕೈಯದ್ದು.

ಕಾರಣ ಸರಳ. ಒಗರು ಕೊಡುವ ಕ್ಯಾಟೆಚಿನ್‌ಗಳು ಮತ್ತು ಕೆಫೀನ್ ನೀರು ಬಿಸಿಯಾದಷ್ಟೂ ಜೋರಾಗಿ ಬಿಟ್ಟುಕೊಳ್ಳುತ್ತವೆ. ಸಿಹಿ ಬೆರೆತ ಆ ಮೆತ್ತನೆಯ ರುಚಿ ಕೊಡುವ ಥಿಯನೈನ್ ಕಡಿಮೆ ಬಿಸಿಯಲ್ಲೂ ಚೆನ್ನಾಗಿಯೇ ಇಳಿಯುತ್ತದೆ. ಕುದಿಯುವ ನೀರು ಹಾಕಿದರೆ ಒಗರು ಮುಂದೆ ಬಂದು ಮಿಕ್ಕ ರುಚಿಯನ್ನು ಮುಚ್ಚಿಬಿಡುತ್ತದೆ ಅಷ್ಟೇ. ಥರ್ಮಾಮೀಟರ್ ಇಲ್ಲ ಅಂತ ಚಿಂತೆ ಬೇಡ. ಮೂರು ಪಾಲು ಕುದಿದ ನೀರಿಗೆ ಒಂದು ಪಾಲು ಕುಡಿಯುವ ತಣ್ಣೀರು ಸೇರಿಸಿ, ಹೆಚ್ಚುಕಡಿಮೆ 80 ಡಿಗ್ರಿಗೆ ಬರುತ್ತದೆ. ಸೆಂಚಾಕ್ಕೆ ಇನ್ನೂ ಸ್ವಲ್ಪ ಆರಲಿ.

ಈಗ ಒಂದೊಂದಾಗಿ ಹೇಳುತ್ತೇನೆ.

ಟೀ ಬ್ಯಾಗ್‌ನಲ್ಲಿ ಸಾಮಾನ್ಯವಾಗಿ ಇರುವುದು ಎಲೆಯ ಚೂರು ಮತ್ತು ಪುಡಿ. ಚೂರು ಸಣ್ಣದಾದಷ್ಟೂ ರಸ ಬೇಗ ಬಿಡುತ್ತದೆ, ಒಗರೂ ಬೇಗ. ಹಾಗಾಗಿ 80 ಡಿಗ್ರಿ ನೀರಿನಲ್ಲಿ ಒಂದೂವರೆ ನಿಮಿಷ, ಆಮೇಲೆ ತೆಗೆದುಬಿಡಿ. ಫೋನ್ ನೋಡುತ್ತಾ ಅದನ್ನು ಕಪ್ಪಿನಲ್ಲೇ ಮರೆತರೆ ಮುಗಿಯಿತು. ಕೊನೆಗೆ ಹಿಂಡುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಸರಿಯಾಗಿ ಮಾಡಿದರೆ ಕುಡಿಯಬಹುದು, ಆದರೆ ಎರಡನೇ ಸಲಕ್ಕೆ ಅದರಲ್ಲಿ ಏನೂ ಉಳಿದಿರುವುದಿಲ್ಲ.

ಸೆಂಚಾ ಮತ್ತು ಲಾಂಗ್‌ಜಿಂಗ್ ನಡುವೆ ನಿಜವಾದ ಪೈಪೋಟಿ. ಗಿಡ ಎರಡಕ್ಕೂ ಒಂದೇ, ಕಮೀಲಿಯಾ ಸೈನೆನ್ಸಿಸ್. ಕಿತ್ತ ಎಲೆ ಕಪ್ಪಾಗದಂತೆ ತಡೆಯುವ ರೀತಿ ಬೇರೆ. ಜಪಾನಿನಲ್ಲಿ ಹೆಚ್ಚಾಗಿ ಹಬೆಯಲ್ಲಿ ಬೇಯಿಸುತ್ತಾರೆ, ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ. ಇದು ಕಪ್ಪಿನಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ. ಸೆಂಚಾದಲ್ಲಿ ಆಗಷ್ಟೇ ಕತ್ತರಿಸಿದ ಹುಲ್ಲಿನ ಹಸಿ ವಾಸನೆ, ಸಮುದ್ರದ ಗಾಳಿಯ ನೆನಪು, ದಟ್ಟ ಹಸಿರು ಬಣ್ಣ. ಹಾಂಗ್‌ಝೌ ಕಡೆಯ ಲಾಂಗ್‌ಜಿಂಗ್‌ನಲ್ಲಿ ಹುರಿದ ಬೀಜದ ಘಮ, ತಿಳಿ ಹಳದಿ ಬಣ್ಣ, ಗಂಟಲಿನಲ್ಲಿ ಉಳಿಯುವ ಸಣ್ಣ ಸಿಹಿ.

ಸೆಂಚಾ ಚೆನ್ನಾಗಿ ಬಂದ ದಿನ ಅದಕ್ಕೆ ಸಾಟಿಯಿಲ್ಲ. ಆದರೆ ಅದು ಮುಂಗೋಪಿ. ಅರ್ಧ ನಿಮಿಷ ಹೆಚ್ಚಾದರೂ, ಐದಾರು ಡಿಗ್ರಿ ಏರಿದರೂ ಮುಖ ತಿರುಗಿಸುತ್ತದೆ. ಎರಡನೇ ಸಲ ನೀರು ಹಾಕುವಾಗ ಎಲೆ ಆಗಲೇ ಅರಳಿರುತ್ತದೆ, ಹದಿನೈದು ಇಪ್ಪತ್ತು ಸೆಕೆಂಡ್ ಸಾಕು. ನಾನು ಅಲ್ಲೂ ಒಂದು ನಿಮಿಷ ಬಿಟ್ಟು ಕೆಡಿಸಿದ್ದೇನೆ. ಇನ್ನೊಂದು ತಲೆನೋವು ಸೋಸುವುದು. ಜಾಸ್ತಿ ಹೊತ್ತು ಹಬೆ ಕೊಟ್ಟ ಬಗೆಯಲ್ಲಿ ಎಲೆ ಪುಡಿಪುಡಿಯಾಗಿದ್ದು ಸಾಮಾನ್ಯ ಜರಡಿಯ ಕಣ್ಣಿಗೆಲ್ಲ ಮೆತ್ತಿಕೊಳ್ಳುತ್ತದೆ. ನೀರು ಇಳಿಯುವಷ್ಟರಲ್ಲಿ ಒಗರು ಬಂದಾಗಿರುತ್ತದೆ.

ಲಾಂಗ್‌ಜಿಂಗ್‌ಗೆ ಜರಡಿಯೇ ಬೇಡ. ಎತ್ತರದ ಗಾಜಿನ ಲೋಟಕ್ಕೆ ಎಲೆ ಹಾಕಿ 80 ಡಿಗ್ರಿ ನೀರು ಸುರಿದರೆ ಚಪ್ಪಟೆ ಎಲೆಗಳು ಮೊದಲು ತೇಲಿ, ಆಮೇಲೆ ಒಂದೊಂದೇ ತಳಕ್ಕೆ ಇಳಿಯುತ್ತವೆ. ಸುಮ್ನೆ ನೋಡುತ್ತಾ ಕೂರಬಹುದು. ಮೇಲಿನಿಂದ ಕುಡಿಯುತ್ತಾ ಬಂದು, ಲೋಟದಲ್ಲಿ ಮೂರನೇ ಒಂದು ಪಾಲು ಉಳಿದಾಗ ಮತ್ತೆ ಬಿಸಿನೀರು ತುಂಬಿಸಿಕೊಳ್ಳಿ. ಮೂರು ಸಲ ಆರಾಮವಾಗಿ ಬರುತ್ತದೆ. ಕೆಲಸದ ಮಧ್ಯೆ ಕುಡಿಯುವವರಿಗೆ ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ, ಏಕೆಂದರೆ ಇದು ನಮ್ಮ ಮರೆವನ್ನು ಕ್ಷಮಿಸುತ್ತದೆ.

ಗನ್‌ಪೌಡರ್ ನನಗೆ ಒಗ್ಗಲಿಲ್ಲ. ಸುರುಳಿ ಸುತ್ತಿದ ಗುಂಡು ಎಲೆ ನೀರಿನಲ್ಲಿ ಬಿಚ್ಚಿಕೊಳ್ಳುವುದು ನೋಡಲು ಚೆಂದ, ಕುಡಿದರೆ ಗಡಸು, ಸ್ವಲ್ಪ ಹೊಗೆ ವಾಸನೆ. ಮೊರಾಕೊದಲ್ಲಿ ಇದಕ್ಕೇ ಪುದೀನ, ಸಕ್ಕರೆ ಹಾಕಿ ಕುಡಿಯುತ್ತಾರೆ. ಹಾಗೆ ಮಾಡಿದಾಗ ಮಾತ್ರ ಲೋಟ ಖಾಲಿಯಾಯಿತು.

ಗೆನ್ಮೈಚಾ ಅಂದರೆ ಹಸಿರು ಎಲೆಗೆ ಹುರಿದ ಅಕ್ಕಿ ಬೆರೆಸಿದ್ದು. ಗ್ರೀನ್ ಟೀ ಇಷ್ಟವಿಲ್ಲ ಅನ್ನುವವರಿಗೆ ಮೊದಲು ಇದನ್ನೇ ಕೊಡಿ. ಅಕ್ಕಿಯ ಘಮ ಒಗರನ್ನು ಮರೆಸುತ್ತದೆ. ತೂಕದಲ್ಲಿ ದೊಡ್ಡ ಪಾಲು ಅಕ್ಕಿಯದ್ದೇ ಇರುವುದರಿಂದ ಕೆಫೀನ್ ಕೂಡ ಕಡಿಮೆ. ನೀರು ಸ್ವಲ್ಪ ಜಾಸ್ತಿ ಬಿಸಿ ಇದ್ದರೂ ತಡೆದುಕೊಳ್ಳುತ್ತದೆ.

ಮಾಚಾದ ಲೆಕ್ಕವೇ ಬೇರೆ. ಗಿಡಕ್ಕೆ ಮೂರು ವಾರದ ಆಸುಪಾಸು ನೆರಳು ಕಟ್ಟಿ, ಎಲೆಯ ದಂಟು, ನರ ತೆಗೆದು, ನುಣ್ಣಗೆ ಬೀಸಿದ ಪುಡಿ ಅದು. ಸೋಸುವುದಿಲ್ಲ, ಇಡೀ ಎಲೆಯನ್ನೇ ಕುಡಿಯುತ್ತೇವೆ. ಮೊದಲ ದಿನ ಚಮಚದಲ್ಲಿ ಕಲಕಿದೆ, ಗಂಟು ಗಂಟಾಗಿ ಹಲ್ಲಿಗೆ ಸಿಕ್ಕಿತು. ಎರಡನೇ ದಿನ 2 ಗ್ರಾಂ ಪುಡಿಯನ್ನು ಜರಡಿ ಹಿಡಿದು, 70 ಮಿ.ಲೀ. ನೀರು ಹಾಕಿ, ಬಿದಿರಿನ ಕಡ್ಡಿ ಕುಂಚದಲ್ಲಿ ಜೋರಾಗಿ ಕಡೆದಾಗ ನೊರೆ ಬಂತು, ರುಚಿಯೂ ಬಂತು. ಖುಷಿಯಲ್ಲಿ ಸಂಜೆ ಏಳಕ್ಕೆ ಇನ್ನೊಂದು ಬಟ್ಟಲು ಕುಡಿದು ರಾತ್ರಿ ಎರಡರವರೆಗೆ ಫ್ಯಾನ್ ನೋಡುತ್ತಾ ಮಲಗಿದ್ದೆ. ಬಟ್ಟಲು, ಜರಡಿ, ಕುಂಚ, ಎಲ್ಲ ತೊಳೆಯುವ ರಗಳೆ ಬೇರೆ. ರಜೆಯ ದಿನದ ಬೆಳಗಿಗೆ ಸರಿ.

ತೂಕ ಇಳಿಯುತ್ತದಾ ಅಂತ ಕೇಳುವವರಿಗೆ: ಇದು ಟೀ, ಮಂತ್ರ ಅಲ್ಲ. ಖಾಲಿ ಹೊಟ್ಟೆಯಲ್ಲಿ ಗಟ್ಟಿಯಾಗಿ ಕುಡಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ನನಗಂತೂ ಆಯಿತು. ಊಟದ ಜೊತೆಗೆ ಕುಡಿದರೆ ಊಟದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತ ಕಡಿಮೆ ಇರುವವರು ಒಂದು ಗಂಟೆ ಅಂತರ ಇಟ್ಟುಕೊಳ್ಳುವುದು ಒಳ್ಳೆಯದು.

ಇಡುವ ವಿಷಯದಲ್ಲಿ ನನ್ನ ದಡ್ಡತನ ಒಂದಿದೆ. ಸೆಂಚಾ ಪ್ಯಾಕೆಟ್ಟನ್ನು ಬಾಯಿ ಮಡಚಿ ಲವಂಗದ ಡಬ್ಬಿ ಪಕ್ಕ ಇಟ್ಟಿದ್ದೆ. ಎರಡು ವಾರಕ್ಕೆ ಅದು ಲವಂಗದ ಟೀ ಆಗಿತ್ತು. ಒಣ ಎಲೆ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಗಾಳಿ, ಬೆಳಕು ತಾಗದ ಬಿಗಿ ಡಬ್ಬಿ ಬೇಕು, ತರುವಾಗಲೂ ಸಣ್ಣ ಪ್ಯಾಕೆಟ್ಟೇ ತನ್ನಿ.

ಮೂಲೆ ಸೇರಿದ್ದ ಆ ಮೂರು ಡಬ್ಬಿ ಟೀ ಬ್ಯಾಗ್ ಏನಾಯಿತು ಅಂತೀರಾ? ಒಂದು ಲೀಟರ್ ತಣ್ಣೀರಿಗೆ ಐದು ಬ್ಯಾಗ್ ಹಾಕಿ ರಾತ್ರಿ ಫ್ರಿಜ್‌ನಲ್ಲಿ ಇಟ್ಟೆ. ತಣ್ಣೀರಿನಲ್ಲಿ ಒಗರು ಅಷ್ಟಾಗಿ ಬಿಡುವುದಿಲ್ಲ ಅಲ್ವಾ, ಬೆಳಿಗ್ಗೆ ತೆಗೆದರೆ ತಿಳಿಯಾದ, ತುಸು ಸಿಹಿಯಾದ ಟೀ. ಎರಡು ಡಬ್ಬಿ ಆಗಲೇ ಖಾಲಿ.