ಫ್ಯಾಂಡೆಲ್ವರ್, ಸ್ಟ್ರಾಡ್, ಐಸ್‌ಸ್ಪೈರ್: ನಡೆಸಿ ನೋಡಿದ ಮೂರು ಸಾಹಸಗಳು

ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಆಡುವ ತಂಡವು ಸಿದ್ಧ ಸಾಹಸವೊಂದನ್ನು, ಅಂದರೆ ಆಡಲೆಂದು ಮೊದಲೇ ಬರೆದಿಟ್ಟ ಕಥೆಯ ಪುಸ್ತಕವನ್ನು, ಕೊಳ್ಳುವಾಗ ಮೊದಲು ಕೇಳುವುದು ಕಥೆ ಹೇಗಿದೆ ಎಂದು. ಆಟ ನಡೆಸುವ ಡಂಜನ್ ಮಾಸ್ಟರ್‌ಗೆ ಮಾತ್ರ, ಆಟದ ಹಿಂದಿನ ರಾತ್ರಿ ಆ ಪುಸ್ತಕ ತನ್ನಿಂದ ಎಷ್ಟು ಕೆಲಸ ಬೇಡುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ಆಟದ ನಿಯಮಗಳ ಐದನೆಯ ಆವೃತ್ತಿಗೆ ಬಂದ ಮೂರು ಸಾಹಸಗಳನ್ನು ಒಂದೇ ಗೆಳೆಯರ ಬಳಗಕ್ಕೆ ನಡೆಸಿದ ನಾನು ಅವುಗಳನ್ನು ಮುಖ್ಯವಾಗಿ ಈ ದೃಷ್ಟಿಯಿಂದಲೇ ತೂಗಿ ನೋಡಿದ್ದೇನೆ.

ಹೊಸಬರಿಗೆಂದೇ ಮಾಡಿದ ಪೆಟ್ಟಿಗೆಯಾದ 2014ರ ಸ್ಟಾರ್ಟರ್ ಸೆಟ್‌ನಲ್ಲಿ ಬಂದ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' 64 ಪುಟಗಳ ಪುಸ್ತಿಕೆ. ಪಾತ್ರಗಳನ್ನು ಒಂದನೆಯ ಲೆವೆಲ್‌ನಿಂದ (ಪಾತ್ರದ ಶಕ್ತಿಯ ಮೆಟ್ಟಿಲು) ಐದನೆಯದರವರೆಗೆ ಒಯ್ಯುವ ಇದು, ಆಟವನ್ನು ಹೇಗೆ ನಡೆಸಬೇಕೆಂಬುದನ್ನೂ ಜೊತೆಜೊತೆಗೇ ಕಲಿಸುತ್ತದೆ. ದಾರಿಯಲ್ಲಿ ಸತ್ತುಬಿದ್ದ ಎರಡು ಕುದುರೆಗಳು, ಪೊದೆಯಲ್ಲಿ ಅಡಗಿರುವ ಗಾಬ್ಲಿನ್ ಎಂಬ ನಾಲ್ಕು ಕುಳ್ಳ ದುಷ್ಟಜೀವಿಗಳು, ಅಲ್ಲಿಂದ ಗುಹೆ, ಗುಹೆಯಿಂದ ಫ್ಯಾಂಡಲಿನ್ ಊರು: ಮುಂದೇನು ಎಂದು ತಡಕಾಡುವ ಪ್ರಸಂಗವೇ ಬರುವುದಿಲ್ಲ. ಆದರೆ ಆ ಮೊದಲ ಹೊಂಚುದಾಳಿ ಹೊಸಬರಿಗೆ ತುಸು ಕಠೋರ. ದಾಳ ಕೈಕೊಟ್ಟರೆ ಕಥೆ ತೊಡಗುವ ಮೊದಲೇ ಇಬ್ಬರು ನೆಲಕ್ಕೆ ಬಿದ್ದಿರುತ್ತಾರೆ.

2016ರ 'ಕರ್ಸ್ ಆಫ್ ಸ್ಟ್ರಾಡ್' ಇದಕ್ಕೆ ತೀರ ಭಿನ್ನವಾದದ್ದು. 1983ರ 'ರೇವನ್‌ಲಾಫ್ಟ್' ಸಾಹಸವನ್ನು ಹಿಗ್ಗಿಸಿ ಬರೆದ ಈ 256 ಪುಟಗಳ ಗ್ರಂಥದಲ್ಲಿ, ಮಂಜು ಸುತ್ತುವರಿದು ಹೊರದಾರಿಯೇ ಇಲ್ಲದ ಬರೋವಿಯ ಕಣಿವೆಯನ್ನು ಆಳುವ ರಕ್ತಪಿಶಾಚಿ ಸ್ಟ್ರಾಡ್‌ನನ್ನು ಆಟಗಾರರು ಎದುರಿಸಬೇಕು. ಇದರ ಅತ್ಯುತ್ತಮ ಕಲ್ಪನೆಯೆಂದರೆ ಟಾರೊಕ್ಕ ಎಂಬ, ಇಸ್ಪೀಟಿನಂಥ ಎಲೆಗಳ ಶಕುನ. ಮೂರು ನಿಧಿಗಳು ಎಲ್ಲಿವೆ, ನೆರವಿಗೆ ಬರುವವರು ಯಾರು, ಕೊನೆಗೆ ಸ್ಟ್ರಾಡ್ ಸಿಗುವುದೆಲ್ಲಿ ಎಂಬುದನ್ನು ತೆಗೆದ ಐದು ಎಲೆಗಳೇ ನಿರ್ಧರಿಸುವುದರಿಂದ ಒಂದು ತಂಡದ ಆಟ ಇನ್ನೊಂದರಂತೆ ಇರುವುದಿಲ್ಲ. ಇದರ ಬೆಲೆಯನ್ನು ತೆರುವವರು ಡಂಜನ್ ಮಾಸ್ಟರ್. ಶಕುನವಾದ ಮೇಲೆ ಪುಸ್ತಕದ ಅಧ್ಯಾಯಗಳನ್ನು ಹಿಂದುಮುಂದಾಗಿ ಓದಿ, ಯಾರಿಗೆ ಏನು ಗೊತ್ತು ಎಂಬ ಟಿಪ್ಪಣಿಯನ್ನು ತಾವೇ ಸಿದ್ಧಪಡಿಸಿಕೊಳ್ಳಬೇಕು. ಸ್ಥಳಗಳನ್ನು ಅಪಾಯದ ಏರಿಕೆಗೆ ತಕ್ಕಂತೆ ಜೋಡಿಸಿಲ್ಲ. ಕಣಿವೆಯ ವಲ್ಲಾಕಿ ಊರಿಗೆ ಹೋಗುವ ಹಾದಿಯ ಹಳೆಯ ಗಾಳಿಗಿರಣಿಯಲ್ಲಿ ವಾಸಿಸುವ ಮೂವರು ಮಾಟಗಾತಿಯರು ಕೆಳ ಲೆವೆಲ್‌ನ ತಂಡವನ್ನು ಸುಲಭವಾಗಿ ಮುಗಿಸಿಬಿಡಬಲ್ಲರು. ಮಕ್ಕಳ ಮೇಲಿನ ಕ್ರೌರ್ಯ ಕಥೆಯಲ್ಲಿ ಮತ್ತೆಮತ್ತೆ ಬರುವುದರಿಂದ, ಯಾರಿಗೆ ಯಾವುದು ಬೇಡ ಎಂಬುದನ್ನು ಮೊದಲೇ ಕೇಳಿಕೊಳ್ಳುವುದು ಅಗತ್ಯ. ನಮ್ಮ ಬಳಗದವರು ಇಂದಿಗೂ ನೆನೆಯುವ ಆಟ ಇದೇ, ಮತ್ತೆ ನಡೆಸುವ ಮೊದಲು ನಾನು ಎರಡು ಬಾರಿ ಯೋಚಿಸುವ ಆಟವೂ ಇದೇ.

2019ರ ಎಸೆನ್ಷಿಯಲ್ಸ್ ಕಿಟ್ ಎಂಬ ಇನ್ನೊಂದು ಪೆಟ್ಟಿಗೆಯ 'ಡ್ರ್ಯಾಗನ್ ಆಫ್ ಐಸ್‌ಸ್ಪೈರ್ ಪೀಕ್' ಕೂಡ ಫ್ಯಾಂಡಲಿನ್ ಊರಿನದೇ. ಊರಿನ ಹಲಗೆಯ ಮೇಲೆ ಅಂಟಿಸಿದ ಕೆಲಸಗಳಲ್ಲಿ ಒಂದನ್ನು ತಂಡವೇ ಆರಿಸಿಕೊಳ್ಳುತ್ತದೆ. ಮೊದಲ ಮೂರರಲ್ಲಿ ಎರಡು ಮುಗಿದರೆ ಹೊಸವು ಬರುತ್ತವೆ. ಹೆಚ್ಚಿನ ಕೆಲಸಗಳು ಒಂದೊಂದು ಸಂಜೆಯಲ್ಲಿ ಮುಗಿಯುವಂಥವು. ಹಾಗಾಗಿ ಕಚೇರಿಯ ಕೆಲಸ, ಮದುವೆ, ಮಕ್ಕಳ ಪರೀಕ್ಷೆ ಎಂದು ವಾರಕ್ಕೊಬ್ಬರು ತಪ್ಪಿಸಿಕೊಳ್ಳುವ ನಮ್ಮಂಥವರಿಗೆ ಇದು ಹೇಳಿ ಮಾಡಿಸಿದಂತಿದೆ. ಒಬ್ಬನೇ ಆಟಗಾರ ಬಂದರೂ ಆಟ ಸಾಗುವಂತೆ ಸಹಾಯಕ ಪಾತ್ರಗಳ ನಿಯಮವೂ ಪೆಟ್ಟಿಗೆಯಲ್ಲಿದೆ. ಕೊರತೆಯಿರುವುದು ಕಥೆಯಲ್ಲಿ. ಬಿಳಿ ಡ್ರ್ಯಾಗನ್ ಕ್ರಯೋವೇನ್ ಎಲ್ಲಿ ಹಾರುತ್ತಿದೆ ಎಂಬುದನ್ನು ದಾಳ ಹೇಳುತ್ತದೆಯೇ ಹೊರತು, ಅದಕ್ಕೆ ಗುಡುಗುವ ಹಸಿವಿನಾಚೆ ಯಾವ ಉದ್ದೇಶವೂ ಇಲ್ಲ.

ಎಂದೂ ಆಡದವರ ತಂಡಕ್ಕೆ ನಾನು ಫ್ಯಾಂಡೆಲ್ವರ್ ಅನ್ನೇ ಸೂಚಿಸುತ್ತೇನೆ. ತಪ್ಪದೆ ಸೇರುವ, ಭಯವನ್ನು ಸವಿಯುವ ಹಳಬರಿಗೆ ಸ್ಟ್ರಾಡ್. ಹಳೆಯ ಸ್ಟಾರ್ಟರ್ ಸೆಟ್ ಸಿಗದವರಿಗೆ, ಫ್ಯಾಂಡೆಲ್ವರ್ ಕಥೆಯನ್ನು ಹನ್ನೆರಡನೆಯ ಲೆವೆಲ್‌ವರೆಗೆ ಬೆಳೆಸಿದ 2023ರ ಪುಸ್ತಕವಿದೆ. ಎರಡೂ ಪೆಟ್ಟಿಗೆಗಳು ಕೈಯಲ್ಲಿದ್ದರೆ, ತಂಡ ಊರಿನ ಸುತ್ತ ಮನಬಂದಂತೆ ಅಲೆಯಬಹುದಾದ ಫ್ಯಾಂಡೆಲ್ವರ್‌ನ ಮೂರನೆಯ ಭಾಗದಲ್ಲಿ ಐಸ್‌ಸ್ಪೈರ್‌ನ ಹಲಗೆಯನ್ನು ತಂದು ನಿಲ್ಲಿಸಬಹುದು. ಅಷ್ಟರಲ್ಲಿ ಪಾತ್ರಗಳು ಮೂರನೆಯ ಲೆವೆಲ್ ತಲುಪಿರುವುದರಿಂದ, ಮೊದಲ ಮೂರು ಕೆಲಸಗಳನ್ನು ಬಿಟ್ಟು ನಂತರದವನ್ನು ಅಂಟಿಸುವುದು ಒಳ್ಳೆಯದು.