ವೀಸಾ ವಕೀಲರ ಆಫೀಸು: ಸಲಹೆಗೆ ಐದು ಸ್ಟಾರ್, ಈಮೇಲ್‌ಗೆ ಒಂದೇ

ನನ್ನ ಕೆಲಸ ಹೋದ ವಾರವೇ ನ್ಯೂಜೆರ್ಸಿಯ ಈ ವಕೀಲರ ಹತ್ತಿರ ಹೋಗಿದ್ದೆ. ಹೆಸರು ಬೇಡ ಬಿಡಿ. ಎಚ್-1ಬಿಯವರಿಗೆ (ಅಮೆರಿಕದ ಕೆಲಸದ ವೀಸಾದಲ್ಲಿರುವವರಿಗೆ) ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಅಥವಾ ದೇಶ ಬಿಡಲು ಹೆಚ್ಚೆಂದರೆ 60 ದಿನ ಸಿಗುತ್ತದೆ ಎಂದು ಗೊತ್ತಿತ್ತು. ಆದರೆ ಐ-94ರ (ಎಲ್ಲಿಯವರೆಗೆ ಅಮೆರಿಕದಲ್ಲಿ ಇರಬಹುದು ಎಂದು ತೋರಿಸುವ ದಾಖಲೆ) ಅವಧಿ ಅದಕ್ಕೂ ಮೊದಲೇ ಮುಗಿದರೆ ಅಷ್ಟೂ ಸಿಗುವುದಿಲ್ಲ ಅಂತ ಇವರೇ ಹೇಳಿದ್ದು. ಅವಧಿ ಮೀರಿ 180 ದಿನಕ್ಕಿಂತ ಜಾಸ್ತಿ ಉಳಿದು ಆಮೇಲೆ ಹೊರಗೆ ಹೋದರೆ 3 ವರ್ಷ ಒಳಗೆ ಬಿಡುವುದಿಲ್ಲ, ಒಂದು ವರ್ಷ ದಾಟಿದರೆ 10 ವರ್ಷ. ಕಾಗದದ ಮೇಲೆ ಬರೆದು, ದಿನಾಂಕ ಹಾಕಿ ಕೊಟ್ಟರು. ಇದು ನಿಜಕ್ಕೂ ಚೆನ್ನಾಗಿತ್ತು.

ಕಾಯುವಾಗ ಟಿವಿಯಲ್ಲಿ ಗಡಿಪಾರಿನದ್ದೇ ಚರ್ಚೆ. ಪಕ್ಕದಲ್ಲಿದ್ದವರು "ಕಳ್ಳದಾರಿಯಲ್ಲಿ ಬಂದವರನ್ನು ಕಳಿಸಲಿ, ನಮಗೇನು" ಎಂದರು. 2025ರ ಫೆಬ್ರವರಿ 5ರಂದು 104 ಭಾರತೀಯರನ್ನು ಅಮೆರಿಕದ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ತಂದು ಇಳಿಸಿದಾಗ ನಾನೂ ಹೆಚ್ಚುಕಡಿಮೆ ಹಾಗೇ ಅಂದಿದ್ದೆ, ಬೇಡಿ ಹಾಕಿದ್ದು ಮಾತ್ರ ಸರಿ ಅನ್ನಿಸಿರಲಿಲ್ಲ. ಕಾನೂನು ಇರಬೇಕು ಅಂತ ಈಗಲೂ ಅಂತೀನಿ. ಆದರೆ 61ನೇ ದಿನ ನಾನೂ ಆ ಕಡೆಯವನೇ ಆಗಿಬಿಡಬಹುದಿತ್ತು ಅಲ್ವಾ?

ಇನ್ನು ಬೇಜಾರಿನ ವಿಷಯ. ಈಮೇಲ್‌ಗೆ ಉತ್ತರ ಬರಲು 11 ದಿನ! ಇರುವುದೇ 60, ಅದರಲ್ಲಿ 11 ಸುಮ್ನೆ ಹೋಯಿತು. ಫೋನ್ ಎತ್ತುವ ಹುಡುಗಿ ಪಾಪ ಒಳ್ಳೆಯವಳು, ಆದರೆ ಅವಳಿಗೆ ಏನೂ ಗೊತ್ತಿರುವುದಿಲ್ಲ. ಫೀಸು ಮೊದಲೇ ಕೇಳಿಕೊಳ್ಳಿ. ಹೋಗುವಾಗ ಐ-94, ಪೇ ಸ್ಲಿಪ್ ಎರಡನ್ನೂ ಪ್ರಿಂಟ್ ಹಾಕಿಸಿಕೊಂಡೇ ಹೋಗಿ, ಅಲ್ಲಿ ಪ್ರಿಂಟಿಗೂ ದುಡ್ಡು ಹಾಕುತ್ತಾರೆ.